ಬೂದಿಕೋಟೆಯಿಂದ ಹೊರಟ ಪ್ಯಾಕೆಟ್ಟು

ನನ್ನ ನಾದಿನಿಗೆ ನನ್ನ ಕೆಲಸದ ಮೇಲೆ ಎಳ್ಳಷ್ಟೂ ಗೌರವವಿಲ್ಲ. ಆಂಡರ್ಸನ್‌ಪೇಟೆಯ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ನಾನು ಮಾಡುವುದು ಮೋಡ ಕಾಯುವ ಕೆಲಸ ಎನ್ನುತ್ತಾಳೆ. ಕ್ಲೌಡ್ ಎಂದರೆ ಆಕಾಶದಲ್ಲಿಲ್ಲ ಕಣೇ, ಎಲ್ಲೋ ದೂರದ ಕಟ್ಟಡದಲ್ಲಿರುವ ಬಾಡಿಗೆ ಕಂಪ್ಯೂಟರುಗಳು, ಅಲ್ಲಿಗೆ ಹೋಗಿಬರುವ ದಾರಿಗಳನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿ ಹೇಳಿ ನನ್ನ ಬಾಯಿ ನೋಯಿತೇ ಹೊರತು ಅವಳ ನಗು ನಿಲ್ಲಲಿಲ್ಲ.

ಅಂಥವಳಿಗೇ ಒಮ್ಮೆ ನಾನು ಬೇಕಾದೆ. ಬೂದಿಕೋಟೆ ಹತ್ತಿರದ ಅವಳ ಊರಿನಲ್ಲಿ ಹೆಂಗಸರೇ ಸೇರಿ ಹಾಲಿನ ಸಂಘ ಕಟ್ಟಿದ್ದಾರೆ, ಇವಳೇ ಕಾರ್ಯದರ್ಶಿ. ಅಲ್ಲಿನ ಫ್ಯಾಟ್ ಮೆಷಿನ್ನು ಹಾಲಿನ ಕೊಬ್ಬಿನಂಶ ಅಳೆದು ವಿವರವನ್ನು ಕ್ಲೌಡಿನ ಸರ್ವರಿಗೆ ಕಳಿಸಬೇಕು, ಅಲ್ಲಿಂದ ಉತ್ತರ ಬಂದರೆ ಹಾಲು ಹಾಕಿದವರಿಗೆ ಎಷ್ಟು ದುಡ್ಡು ಸಿಗುತ್ತದೆಂಬ ಚೀಟಿ ಬರುತ್ತದೆ. ಆ ಸರ್ವರ್ ನಮ್ಮ ಕಂಪನಿಯ ಸುಪರ್ದಿಯಲ್ಲೇ ಇರುವುದು. ಸಂಘಕ್ಕೆ ಹೊಸ ರೂಟರ್ ಹಾಕಿದ ಮೇಲೆ ಚೀಟಿ ನಿಂತುಹೋಯಿತು. ಅದೇ ಸಮಯ ನೋಡಿಕೊಂಡು ಖಾಸಗಿ ಡೈರಿಯವರ ವ್ಯಾನು ದಿನಾ ಹುಣಸೆಮರದ ಕೆಳಗೆ ಬಂದು ನಿಲ್ಲತೊಡಗಿತು. ಹೆಂಗಸರು ಕ್ಯಾನು ಹಿಡಿದು ಆ ಕಡೆ ತಿರುಗಿದರೆ ಸಂಘಕ್ಕೆ ಬೀಗ ಹಾಕಬೇಕಾಗುತ್ತಿತ್ತು.

"ಅತ್ತಿಗೆ, ನಿನ್ ಮೋಡಕ್ಕೆ ಏನ್ ಬಂದೈತೋ ಒಸಿ ನೋಡು" ಎಂದು ಫೋನ್ ಮಾಡಿದಳು.

ಕಂಪ್ಯೂಟರುಗಳ ನಡುವೆ ಮಾತು ಓಡಾಡುವುದು ಪ್ಯಾಕೆಟ್ಟು ಎಂಬ ಸಣ್ಣ ಸಣ್ಣ ಕಟ್ಟುಗಳಲ್ಲಿ. ಅದನ್ನು ನಿಜವಾಗಿ ಕಳಿಸದೆಯೇ, ಕಳಿಸಿದರೆ ಯಾವ ದಾರಿ ಹಿಡಿದೀತು, ಯಾವ ಗೇಟಿನಲ್ಲಿ ತಡೆದಾರು ಎಂದು ನಿಯಮಗಳನ್ನೆಲ್ಲ ಓದಿ ಹೇಳುವ ಪರೀಕ್ಷೆಯೊಂದು ನನ್ನ ಬಳಿ ಇದೆ. ಮಾಡಿ ನೋಡಿದೆ. ಸಂಘದಿಂದ ಸರ್ವರಿನವರೆಗೆ ದಾರಿಯುದ್ದಕ್ಕೂ ಹಸಿರು ಬಣ್ಣ ಬಂತು.

"ಎಲ್ಲಾ ಸರಿಯಾಗಿದೆ ಕಣೇ. ಪ್ಯಾಕೆಟ್ಟು ತಲುಪುತ್ತೆ ಅಂತಿದೆ" ಎಂದೆ.

"ಕಳ್ಸಿದ್ಯಾ?"

"ಇಲ್ಲ, ಕಳಿಸಿದ್ರೆ ತಲುಪುತ್ತೆ ಅಂತ."

"ಸರೋಯ್ತು. ನಮ್ಮಣ್ಣ ಕುರ್ಚಿಲೇ ಕೂತ್ಕಂಡು ತಿರುಪ್ತಿಗೆ ಓಗ್ಬತ್ತಾನಲ್ಲ, ಅಂಗೆ."

ಅವಳಣ್ಣ ಎಂದರೆ ನನ್ನ ಗಂಡ. ಫ್ಯಾಕ್ಟರಿಯಿಂದ ಬಂದವರೇ ಬಂಗಾರಪೇಟೆಯಲ್ಲಿ ಯಾವ ರೈಲು ಹಿಡಿಯಬೇಕು, ಎಲ್ಲಿ ಇಳಿದು ಊಟ ಮಾಡಬೇಕು ಎಂದೆಲ್ಲ ಯೋಜನೆ ಹಾಕುತ್ತಾರೆ. ಹೊಸ್ತಿಲು ಮಾತ್ರ ದಾಟುವುದಿಲ್ಲ. ಪಕ್ಕದಲ್ಲೇ ಇದ್ದ ಅವರು ತಂಗಿಯ ಮಾತು ಕೇಳಿಸಿಕೊಂಡು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ನನಗೆ ರೇಗಿತು. ಇವಳಿಗೆ ತೋರಿಸಿಯೇ ಬಿಡೋಣವೆಂದು ಬಂಗಾರಪೇಟೆಗೆ ಹೋಗಿ ಬೂದಿಕೋಟೆ ಬಸ್ಸು ಹತ್ತಿದೆ.

ನಾನು ಹೋದಾಗ ಸಂಜೆಯ ಹಾಲಿನ ಹೊತ್ತು. ಹೆಂಗಸರು ಸಾಲಾಗಿ ನಿಂತಿದ್ದರು. ಮೆಷಿನ್ನಿನ ಪರದೆಯ ಮೇಲೆ ಒಂದು ಚಕ್ರ ಗಿರಗಿರ ತಿರುಗುತ್ತಿತ್ತು. ಒಬ್ಬೊಬ್ಬರಿಗೂ "ಚೀಟಿ ನಾಳಿಕ್ ಬತ್ತದಕ್ಕ" ಎಂದು ಹೇಳುತ್ತಿದ್ದ ನಾದಿನಿಯ ಮುಖದಲ್ಲಿ ನಗುವಿರಲಿಲ್ಲ. ವೈರು ನೋಡಿದೆ, ರೂಟರಿನ ದೀಪ ನೋಡಿದೆ, ಫೋನಿನ ಇಂಟರ್ನೆಟ್ಟಿನಲ್ಲಿ ಲ್ಯಾಪ್‌ಟಾಪ್ ತೆರೆದು ಪರೀಕ್ಷೆಯನ್ನು ಮತ್ತೆ ಮಾಡಿದೆ. ಆಗಲೂ ಹಸಿರೇ ಬಂತು. ಮೆಷಿನ್ನೇ ಕೆಟ್ಟಿರಬೇಕು ಎಂದು ತೀರ್ಪು ಕೊಟ್ಟು ಬ್ಯಾಗು ಎತ್ತಿಕೊಂಡೆ. ಕೊನೆಯ ಬಸ್ಸಿಗೆ ಹೊತ್ತಾಗಿತ್ತು.

"ಹೋಗ್ತೀನಿ ಕಣೇ" ಎಂದೆ.

ಅಷ್ಟು ಚಿಂತೆಯಲ್ಲೂ ಅವಳು ಆ ಮಾತನ್ನು ಬಿಡಲಿಲ್ಲ. "ಒಸ್ಲಲ್ಲಿ ನಿಂತ್ಕಂಡು ಓಗ್ತೀನಿ ಅಂತಾರಾ ಅತ್ತಿಗೆ? ಓಗ್ಬತ್ತೀನಿ ಅನ್ನು" ಎಂದು ಗದರಿದಳು.

ನಮ್ಮ ಮನೆಗಳಲ್ಲಿ ಅಷ್ಟೇ. ಹೋಗುವುದನ್ನಷ್ಟೇ ಹೇಳಿ ಯಾರೂ ಹೊಸ್ತಿಲು ಇಳಿಯುವಂತಿಲ್ಲ. ಬಾಯಿತಪ್ಪಿ ಅಂದವರನ್ನು ಒಳಗೆ ಕರೆದು ಕೂರಿಸಿ ನೀರು ಕೊಟ್ಟು ಕಳಿಸುತ್ತಾರೆ. ನನಗೂ ಚೊಂಬು ಬಂತು. ನೀರು ಕುಡಿಯುತ್ತಿದ್ದ ಹಾಗೆ ನಾನು ಪರೀಕ್ಷೆ ಮಾಡಿದ್ದು ಬರೀ ಹೋಗುವ ದಾರಿಯನ್ನು ಎಂಬುದು ಹೊಳೆಯಿತು. ಬರುವ ದಾರಿಯನ್ನು ನೋಡಿಯೇ ಇರಲಿಲ್ಲ.

ಬಸ್ಸು ಹೋದರೆ ಹೋಗಲಿ ಎಂದು ಖಾಲಿ ಕ್ಯಾನಿನ ಮೇಲೆ ಕೂತೆ. ಪರೀಕ್ಷೆಯನ್ನು ತಿರುಗಿಸಿ, ಸರ್ವರಿನಿಂದ ಸಂಘಕ್ಕೆ ಹಾಕಿದೆ. ಮೊದಲ ತಿರುವಿನಲ್ಲೇ ಕೆಂಪು. ಹೊಸ ರೂಟರಿನಿಂದಾಗಿ ಸಂಘದ ವಿಳಾಸ ಬದಲಾಗಿತ್ತು, ಸರ್ವರಿನ ಕಡೆಯ ದಾರಿಪಟ್ಟಿಯಲ್ಲಿ ಮಾತ್ರ ಹಳೆಯದೇ ಉಳಿದಿತ್ತು. ಪಾಪ, ನಮ್ಮ ಪ್ಯಾಕೆಟ್ಟು ದಿನಾ ತಲುಪುತ್ತಿತ್ತು. ಉತ್ತರಕ್ಕೇ ಮನೆ ಸಿಗುತ್ತಿರಲಿಲ್ಲ. ಹೊಸ ವಿಳಾಸ ಸೇರಿಸಿದೆ. ಚಕ್ರ ನಿಂತಿತು, ಮೆಷಿನ್ನು ಕಿರ್ರೆಂದು ಚೀಟಿ ಉಗುಳಿತು.

ಆಗ ಹಾಲು ಹಾಕುತ್ತಿದ್ದವರು ಒಬ್ಬ ಅಜ್ಜಿ. ನಾದಿನಿ ಚೀಟಿಯನ್ನು ಅವರ ಕೈಗಿಟ್ಟು, "ನೋಡಜ್ಜಿ, ಬಂತು. ಇನ್ ಆ ವ್ಯಾನ್ ತಾಕೆ ಓಗ್ಬ್ಯಾಡ" ಎಂದಳು.

ಅಜ್ಜಿ ಚೀಟಿಯನ್ನು ತಿರುಗಿಸಿ ಕೂಡ ನೋಡದೆ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಯಾವ್ ವ್ಯಾನು ಅಮ್ಮಣ್ಣಿ? ನಂಗೇನ್ ಓದಾಕ್ ಬತ್ತದಾ? ನಾನು ನಿನ್ ಮಕ ನೋಡ್ಕಂಡು ಆಲು ಉಯ್ತಿರೋಳು" ಎಂದು ಕ್ಯಾನು ಎತ್ತಿಕೊಂಡು ನಡೆದರು.

ನಾದಿನಿ ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದಿನವರ ಕ್ಯಾನಿಗೆ ಕೈ ಚಾಚಿದಳು. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ಇಷ್ಟು ವರ್ಷ ಈ ದಾರಿಗಳನ್ನು ಕಾದಿದ್ದೇನೆ, ನನ್ನ ಮುಖ ನೋಡಿ ಯಾರೂ ಒಂದು ಪ್ಯಾಕೆಟ್ಟನ್ನೂ ಕಳಿಸಿಲ್ಲ.