ಫಿಲ್ಟರ್ ನೀರಿನಲ್ಲಿ ತೊಳೆದ ಸ್ಲೈಡು

ಅಣ್ಣಿಗೇರಿಯಲ್ಲಿ ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಎರಡು ನೀರು. ಬೋರಿನ ಸವುಳು ನೀರು ಸ್ಲೈಡಿಗೆ, ಕ್ಯಾನಿನ ಫಿಲ್ಟರ್ ನೀರು ನಮಗೆ ಮತ್ತು ಬಂದ ಬೀಗರಿಗೆ. ರೋಗಿಯ ಗಂಟಿನಿಂದ ತೆಗೆದ ಚೂರನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಕೂರಿಸಿ, ಬಣ್ಣದಲ್ಲಿ ಅದ್ದಿ ತೊಳೆಯುತ್ತೇವೆ. ಬೋರಿನ ನೀರು ಕುಡಿದರೆ ಮುಖ ಕಿವುಚಬೇಕು, ಆದರೆ ಸ್ಲೈಡಿನ ಕೆಂಪು ಕಳೆದು ನೀಲಿ ಏರಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಸ್ಕ್ಯಾನ್ ಮಾಡಿದ ಚಿತ್ರ ಹುಬ್ಬಳ್ಳಿಯ ಡಾಕ್ಟರರಿಗೆ ಹೋಗುತ್ತದೆ. ಅವರ ಕಂಪ್ಯೂಟರು ಊರೂರಿನ ಸ್ಲೈಡುಗಳ ಬಣ್ಣವನ್ನು ಒಂದೇ ಹದಕ್ಕೆ ತರುತ್ತದೆ. ನಮ್ಮ ನೀಲಿಯ ಪರಿಚಯ ಅದಕ್ಕೆ ಚೆನ್ನಾಗಿಯೇ ಇದೆ.

ಗುಡಗೇರಿಯ ಚಿಗವ್ವ, ಅಂದರೆ ನಮ್ಮವ್ವನ ತಂಗಿ, ಎದೆಯಲ್ಲಿ ಗಂಟು ಅಂತ ಬಂದಳು. ಸಂತೆಯಲ್ಲಿ ಬದನೆಕಾಯಿ ಆರಿಸುವವರನ್ನೂ ಬಿಡದೆ ಕಾಡಿಸುವ ಬಾಯಿ ಅವಳದು. ಅದು ಕ್ಯಾನ್ಸರೋ ಅಲ್ಲವೋ ಎಂದು ನಮ್ಮ ಸ್ಲೈಡೇ ಹೇಳಬೇಕಿತ್ತು. ನಾನು ಹಿಂದೇಟು ಹಾಕುವುದನ್ನು ನೋಡಿ, ಜೊತೆಗೆ ಕೆಲಸ ಮಾಡುವ ಅಕ್ಕ ತಾನೇ ಬಣ್ಣ ಹಾಕಿದಳು.

ಚಿತ್ರ ಕಳಿಸಿದ ಮೇಲೆ ಡಾಕ್ಟರರ ಫೋನು.

"ಏನ್ರಿ ಇದು, ನಿಮ್ಮ ನೀಲಿ ಎಲ್ಲಿ ಹೋತು? ಎಲ್ಲಾ ಕೆಂಪಗೈತಿ. ಕಂಪ್ಯೂಟರ್ ತಿದ್ದಾಕ ಹೋಗಿ ಮತ್ತಷ್ಟು ಕೆಡಿಸೈತಿ. ಇದನ್ನ ನೋಡಿ ನಾ ಏನೂ ಹೇಳಂಗಿಲ್ಲ."

ನಾನು ಅಕ್ಕನ ಮುಖ ನೋಡಿದೆ.

"ನಿಮ್ಮ ಚಿಗವ್ವಂದಂತ ಫಿಲ್ಟರ್ ನೀರಾಗ ತೊಳದೆನವ್ವಾ," ಅಂದಳು. "ಮನಿ ಮಂದಿಗೆ ಸವುಳು ನೀರು ಹೆಂಗ ಹಾಕೂದು?"

ಸಿಟ್ಟೂ ಬಂತು, ನಗುವೂ ಬಂತು. ಮರ್ಯಾದೆ ಮಾಡುವ ಭರದಲ್ಲಿ ನೀಲಿ ಏರಿಸುವ ಗುಣವೇ ಇಲ್ಲದ ನೀರು ಹಾಕಿದ್ದಳು. ಫಲಿತಾಂಶಕ್ಕೆಂದು ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದ ಚಿಗವ್ವನಿಗೆ ಹೇಳಿದರೆ ಅವಳು ಬಿದ್ದು ಬಿದ್ದು ನಕ್ಕಳು.

"ನನ್ನ ಗಂಟಿಗೂ ಬೀಗತನಾ ಮಾಡಿದ್ರಲ್ಲ! ಚಾ ಒಂದು ಕುಡಿಸೂದು ಉಳದಿತ್ತು ನೋಡು. ತೊಳೀರಿ, ಇನ್ನೊಮ್ಮಿ ತೊಳೀರಿ."

ಉಳಿದ ಚೂರಿನಿಂದ ಹೊಸ ಸ್ಲೈಡು ಮಾಡಿದೆ. ಬೋರಿನ ನೀರಿಗೆ ಹಿಡಿದಾಗ ನೀಲಿ ಕಣ್ಣೆದುರೇ ಏರಿತು. ಈ ಸಲ ಡಾಕ್ಟರರು ಹೆಚ್ಚು ಮಾತಾಡಲಿಲ್ಲ. ಕ್ಯಾನ್ಸರೇ, ಆಪರೇಷನ್ನಿಗೆ ತಡ ಮಾಡಬೇಡಿ ಅಂದರು.

ಹೇಗೆ ಹೇಳಲಿ ಎಂದು ತಿಳಿಯದೆ ಹೊರಗೆ ಬಂದೆ. ಚಿಗವ್ವ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಸೆರಗು ಎಳೆದುಕೊಂಡು, ನಾನು ಎಂದೂ ಕೇಳದ ಸಣ್ಣ ದನಿಯಲ್ಲಿ ಅಂದಳು:

"ಇನ್ನೊಮ್ಮಿ ತೊಳದು ನೋಡವ್ವಾ."

ಪಕ್ಕದಲ್ಲಿ ಕೂತು ಅವಳ ಕೈ ಹಿಡಿದೆ.

"ಇಲ್ಲಬೇ ಚಿಗವ್ವ, ಈಗ ಬಣ್ಣ ಸರಿಯಾಗಿ ಬಂದೈತಿ."