ವಿಭೂತಿ ಹಚ್ಚಿದ್ದಕ್ಕೆ ಕೂಗಿದ ಡಬ್ಬಿ

ಲಾಸ್ಯ ಕಲಿಯುತ್ತಿದ್ದಾಳೋ, ಬರೀ ಬಿಚ್ಚಿಹಾಕುತ್ತಿದ್ದಾಳೋ? ಸುಷ್ಮಾಳ ತಲೆಯೊಳಗೆ ಈ ಪ್ರಶ್ನೆ ಹೊಕ್ಕಿದ್ದು ಗೌರಿಹಬ್ಬದ ಹೊತ್ತಿಗೆ. ದಸರಾ ಬಂದರೂ ಹೊರಟಿರಲಿಲ್ಲ. ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ, ಹೂ ಕಟ್ಟುವಾಗಲೂ ಅದೇ.

ಆರನೇ ಕ್ಲಾಸಿನ ಮಗಳ ವಿಜ್ಞಾನದ ಪುಸ್ತಕ ಅಂಗಡಿಯಿಂದ ತಂದಂತೆಯೇ ಇತ್ತು. ಮನೆಯ ಕಾಲಿಂಗ್ ಬೆಲ್ಲು, ಗೋಡೆ ಗಡಿಯಾರ, ಅಜ್ಜಿಯ ರೇಡಿಯೋ ಮಾತ್ರ ಒಂದೊಂದಾಗಿ ಹೊಟ್ಟೆ ಬಗೆಸಿಕೊಂಡಿದ್ದವು. ಇದಕ್ಕೆಲ್ಲ ಶಾಲೆಗೆ ಆ ವರ್ಷವಷ್ಟೇ ಬಂದಿದ್ದ ಷಡಕ್ಷರಿ ಮೇಷ್ಟ್ರೇ ಕಾರಣ. ನೋಟ್ಸ್ ಬರೆಸುವವರಲ್ಲ. ಶನಿವಾರ ಮಧ್ಯಾಹ್ನ ಮಕ್ಕಳ ಕೈಗೆ ವೈರು, ಬ್ಯಾಟರಿ ಕೊಟ್ಟು ಕೂರಿಸುತ್ತಾರೆ. ಏನಾದರೂ ಕೇಳಿದರೆ "ನಿನಗೇನನ್ನಿಸುತ್ತೆ?" ಎಂದು ತಿರುಗಿ ಕೇಳುತ್ತಾರಂತೆ. ಮೇಷ್ಟ್ರಿಗೇ ಗೊತ್ತಿಲ್ಲದಿದ್ದರೆ ಮಕ್ಕಳಿಗೇನು ಗತಿ?

ಅದೇ ಶನಿವಾರ ಮಧ್ಯಾಹ್ನವೇ ಸರಸ್ವತಿಪುರದ ಸುಮಿತ್ರಮ್ಮನವರ ಟ್ಯೂಷನ್. ಅಲ್ಲಿ ಜಾಗ ಸಿಗುವುದೇ ಪುಣ್ಯ. "ವಿಜಯದಶಮಿ ಸಂಜೆಯೊಳಗೆ ಹೇಳ್ಬುಡಮ್ಮ, ಕಾಯ್ತಾ ಇರೋರು ಬೇಕಾದಷ್ಟು ಜನ ಇದಾರೆ," ಎಂದಿದ್ದರು. ಅಂದರೆ ಲಾಸ್ಯಳನ್ನು ಮೇಷ್ಟ್ರ ಶನಿವಾರದಿಂದ ಬಿಡಿಸಬೇಕು. ಅದಕ್ಕೆ ಮೇಷ್ಟ್ರಿಗೊಂದು ಫೋನು ಮಾಡಬೇಕು. ಸುಷ್ಮಾ ರಿಸೀವರ್ ಎತ್ತುತ್ತಾಳೆ, ಗುಂಯ್ ಎನ್ನುವುದನ್ನು ಕೇಳಿಸಿಕೊಳ್ಳುತ್ತಾಳೆ, ಇಟ್ಟುಬಿಡುತ್ತಾಳೆ.

ಅವಳು ಓದಿದ ರೀತಿಯೇ ಬೇರೆ. ವಿದ್ಯುತ್ ಗಂಟೆಯ ಚಿತ್ರವನ್ನು ಸ್ಕೇಲಿಟ್ಟು ಬರೆದು, ಭಾಗಗಳನ್ನು ಗುರುತಿಸಿ, ಪೂರ್ತಿ ಅಂಕ ತೆಗೆದವಳು. ಮದುವೆಯಾದ ಮೇಲೆ ಫ್ಯೂಸ್ ಹೋದರೆ, ಹೆಬ್ಬಾಳದ ಫ್ಯಾಕ್ಟರಿಯಿಂದ ಗಂಡ ನಾಗಾರ್ಜುನ ಶಿಫ್ಟ್ ಮುಗಿಸಿ ಬರುವತನಕ ಮೇಣದಬತ್ತಿ ಹಚ್ಚಿಕೊಂಡು ಕೂರುವವಳೂ ಅವಳೇ.

ಲಾಸ್ಯ ಮಾಡಿದ್ದು ನೀರಿನ ಗಂಟೆ. ಸೋಪಿನ ಡಬ್ಬಿಯೊಳಗೆ ಬ್ಯಾಟರಿ, ಪುಟ್ಟ ಬಝರ್. ಹೊರಗೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಕ್ಕಪಕ್ಕ ಅಂಟಿಸಿದ ಎರಡು ಬೋಳು ತಂತಿ. ಟ್ಯಾಂಕ್ ತುಂಬಿ ನೀರು ತಂತಿಗೆ ತಾಗಿದರೆ ಕೂಗಬೇಕು.

ಆಯುಧಪೂಜೆಯ ಬೆಳಿಗ್ಗೆ ಸುಷ್ಮಾ ಬಟ್ಟಲಲ್ಲಿ ವಿಭೂತಿ ಕಲಸಿಕೊಂಡು ಸ್ಕೂಟರ್, ಈಳಿಗೆಮಣೆ, ಸುತ್ತಿಗೆಗಳಿಗೆಲ್ಲ ಮೂರು ಬೆರಳಲ್ಲಿ ಪಟ್ಟೆ ಎಳೆಯುತ್ತ ಬಂದಳು.

"ನನ್ನದಕ್ಕೂ ಹಚ್ಚಮ್ಮ. ಅದೂ ಆಯುಧಾನೇ," ಎಂದಳು ಲಾಸ್ಯ.

ಹಚ್ಚಿದಳು. ಮೂರು ಬೆರಳೂ ತಂತಿಗಳ ಮೇಲೇ ಹಾದುಹೋದವು. ಡಬ್ಬಿ ಕೀಚ್ ಎಂದು ಕಿರುಚಿಕೊಂಡಿತು.

"ಅಯ್ಯೋ ಶಿವನೇ, ಕೆಡಿಸ್ಬುಟ್ನಾ? ಬ್ಯಾಟ್ರಿ ಕೀಳೇ!"

"ಮುಟ್ಬೇಡ!" ಅತ್ತೆ ಗಿರಿಜಾಂಬಾ ಕೈ ಅಡ್ಡ ಹಿಡಿದರು. "ಪೂಜೆಗಿಟ್ಟಿದ್ದನ್ನ ನಾಳೆವರೆಗೂ ಮುಟ್ಟೋ ಹಾಗಿಲ್ಲ."

"ನಾಳೆವರೆಗೂ ಕಿರುಚುತ್ತಲ್ಲ ಅತ್ತೆ!"

"ಕಿರುಚ್ಲಿ ಬುಡು. ದಸರಾಕ್ಕೆ ಬ್ಯಾಂಡ್ ಬಾರಿಸಲ್ವೇ?"

ಪಕ್ಕದ ಮನೆಯ ಮುದ್ದಮ್ಮ ಕಾಂಪೌಂಡಿನ ಮೇಲಿಂದ ಇಣುಕಿದರು. "ಏನ್ರೀ ಸುಷ್ಮಾ, ಬೆಕ್ಕಿನ ಬಾಲ ತುಳಿದ್ರಾ?"

ಲಾಸ್ಯ ಮಾತ್ರ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಕೂಗು ಬರಬರುತ್ತ ಸಣ್ಣದಾಯಿತು, ಗೊರಗೊರ ಎಂದಿತು, ನಿಂತೇಹೋಯಿತು.

"ಕೆಟ್ಟೇ ಹೋಯ್ತು," ಎಂದಳು ಸುಷ್ಮಾ.

"ಕೆಟ್ಟಿಲ್ಲ ಕಣಮ್ಮ. ವಿಭೂತಿ ನೋಡು."

ಬೂದಿಬಣ್ಣದ ಪಟ್ಟೆ ಒಣಗಿ ಬೆಳ್ಳಗಾಗಿತ್ತು.

"ಹಾಗಾದ್ರೆ ಅದು ಕೂಗಿದ್ದು ನೀರಿಗೋ, ವಿಭೂತಿಗೋ?"

"ನಿನಗೇನನ್ನಿಸುತ್ತೆ?" ಎಂದಳು ಮಗಳು.

ಕೆನ್ನೆಗೊಂದು ಕೊಡಬೇಕೆನಿಸಿತು ಸುಷ್ಮಾಗೆ. ಆದರೆ ಮಧ್ಯಾಹ್ನ ಹೋಳಿಗೆ ಬಡಿಸುವಾಗ ಇನ್ನೊಂದು ಹುಳ ತಲೆಗೆ ಹೊಕ್ಕಿತು. ಮೊನ್ನೆ ಲಾಸ್ಯ ಇಳಿಬಿಟ್ಟು ನೋಡಿದಾಗ ಟ್ಯಾಂಕಿನ ನೀರಿಗೆ ಇದು ಇಷ್ಟು ಜೋರಾಗಿ ಕೂಗಿರಲಿಲ್ಲವಲ್ಲ?

ಮರುದಿನ ನಾಗಾರ್ಜುನ, ಅತ್ತೆ, ಲಾಸ್ಯ ಜಂಬೂಸವಾರಿ ನೋಡಲು ಹೋದರು. ತಲೆನೋವೆಂದು ಸುಷ್ಮಾ ಉಳಿದಳು. ಪೂಜೆ ತೆಗೆದಾಗಿತ್ತು, ಇನ್ನು ಮುಟ್ಟಬಹುದು. ಯಾರೂ ಇಲ್ಲವೆಂದು ಮತ್ತೊಮ್ಮೆ ಬಾಗಿಲ ಕಡೆ ನೋಡಿ, ತಂತಿ ಒರೆಸಿ, ಒಣ ವಿಭೂತಿ ಉದುರಿಸಿದಳು. ಸದ್ದಿಲ್ಲ. ಒರೆಸಿ ಬರೀ ನೀರು ಬಿಟ್ಟಳು, ಸಣ್ಣಗೆ ಕೂಗಿತು. ಕಲಸಿದ ವಿಭೂತಿ ಹಚ್ಚಿದಳು, ಕಿವಿ ಮುಚ್ಚಿಕೊಳ್ಳಬೇಕಾಯಿತು. ಒಣಗಿದ್ದಾಗ ಮೂಕವಾಗಿರುವ ವಿಭೂತಿ ನೀರಿಗೆ ಬಿದ್ದರೆ ಗಂಟಲು ಕೊಡುತ್ತದೆಯೇ? ಪೂರ್ತಿ ಅಂಕ ತೆಗೆದ ತಲೆಗೆ ಒಂದೂ ಹೊಳೆಯಲಿಲ್ಲ.

ಸಂಜೆಯಾಗುತ್ತಿತ್ತು, ಸುಮಿತ್ರಮ್ಮನವರ ಗಡುವು ಮುಗಿಯುತ್ತಿತ್ತು. ವಿಭೂತಿ ಮೆತ್ತಿದ ಕೈಯಲ್ಲೇ ಮೇಷ್ಟ್ರ ನಂಬರ್ ಒತ್ತಿದಳು.

"ಸರ್, ನಾನು ಲಾಸ್ಯನ ತಾಯಿ. ಶನಿವಾರದ ವಿಷ್ಯ..."

"ನೀವೂ ಬಿಡಿಸ್ತೀರಾ ತಾಯಿ?" ಷಡಕ್ಷರಿಯವರ ದನಿ ಸೋತಿತ್ತು. "ಆಗಲೇ ಸುಮಾರು ಜನ ಬಿಡಿಸಿದ್ರು."

"ಹೌದು, ಅದಕ್ಕೇ ಫೋನ್ ಮಾಡ್ಬೇಕು ಅಂತಿದ್ದೆ... ಇರಿ, ಮೊದಲು ಇದು ಹೇಳಿ. ಬರೀ ನೀರಿಗಿಂತ ವಿಭೂತಿ ನೀರಿಗೆ ಯಾಕೆ ಜೋರಾಗಿ ಕೂಗುತ್ತೆ?"

ಆ ಕಡೆಯ ಸೋತ ದನಿ ಚುರುಕಾಯಿತು.

"ನಿಮಗೇನನ್ನಿಸುತ್ತೆ?"

"ನನಗೇನೂ ಅನ್ನಿಸ್ತಿಲ್ಲ ಸರ್, ತಲೆ ಕೆಟ್ಟುಹೋಗಿದೆ. ಶನಿವಾರ ಲಾಸ್ಯನ ಕೈಲಿ ಒಂದು ವಿಭೂತಿ ಗಟ್ಟಿ ಕಳಿಸ್ತೀನಿ. ಅವಳಾದ್ರೂ ಕಂಡುಹಿಡಿದು ಬಂದು ನನಗೆ ಹೇಳ್ಲಿ."