ಕುಮಾಸಿಗೆ ಹೋದ ಕನ್ನಡ ಕಾದಂಬರಿ

ರೈಲಿನಲ್ಲಿ ಎದುರು ಕುಳಿತವರ ಕೈಯಲ್ಲೊಂದು ಪುಸ್ತಕವಿದ್ದರೆ, ಅದರ ಹೆಸರು ತಿಳಿಯುವವರೆಗೆ ನನಗೆ ಸಮಾಧಾನವಿರುವುದಿಲ್ಲ. ಸಿಂಗಪುರದ ಎಂಆರ್‌ಟಿಯಲ್ಲಿ ಈ ಚಪಲವನ್ನು ತೀರಿಸಿಕೊಳ್ಳುವ ಅವಕಾಶ ದಿನೇ ದಿನೇ ವಿರಳವಾಗುತ್ತಿದೆ. ಇಡೀ ಬೋಗಿ ತಲೆ ತಗ್ಗಿಸಿ ಫೋನಿನ ಧ್ಯಾನದಲ್ಲಿ ಮುಳುಗಿರುವಾಗ ಅಪರೂಪಕ್ಕೆ ಪುಸ್ತಕಧಾರಿಯೊಬ್ಬರು ಕಂಡರೆ, ನಾನು ಕತ್ತನ್ನು ಎಡಕ್ಕೆ ವಾಲಿಸಿ, ಬಲಕ್ಕೆ ತಿರುಗಿಸಿ, ಕೊನೆಗೆ ಬೀಳದಿದ್ದ ಕರವಸ್ತ್ರವನ್ನು ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿಯಾದರೂ ರಕ್ಷಾಪುಟವನ್ನು ಓದಿಯೇ ತೀರುತ್ತೇನೆ. ಐವತ್ತೆರಡು ವರ್ಷದ, ಕತ್ತುನೋವಿನ ಹೆಂಗಸಿಗೆ ಇದು ಶೋಭೆಯಲ್ಲವೆಂದು ನೀವು ಹೇಳಬಹುದು. ಆದರೆ ವೈದ್ಯರು ಹೇಳಿಕೊಟ್ಟ ವ್ಯಾಯಾಮಗಳ ಪೈಕಿ ನಾನು ತಪ್ಪದೆ ಮಾಡುವುದು ಇದೊಂದನ್ನೇ.

ಅಬೆನಾ ನನಗೆ ಸಿಕ್ಕಿದ್ದು ಹೀಗೆ. ಟ್ಯಾಂಪಿನೀಸಿನಲ್ಲಿ ನಾನು ಹತ್ತುವ ಬಾಗಿಲಲ್ಲೇ ಹತ್ತಿ, ತಂಜಾಂಗ್ ಪಗಾರಿನಲ್ಲಿ ನಾನು ಇಳಿಯುವ ಬಾಗಿಲಲ್ಲೇ ಇಳಿದು, ನನ್ನ ಆಫೀಸಿನ ಪಕ್ಕದ ಕಟ್ಟಡಕ್ಕೆ ಹೋಗುವ ಈ ಎತ್ತರದ ಹೆಂಗಸಿನ ಕೈಯಲ್ಲಿ ಪ್ರತಿವಾರ ಹೊಸದೊಂದು ಕಾದಂಬರಿ ಇರುತ್ತಿತ್ತು. ಒಂದು ಬೆಳಿಗ್ಗೆ ನನ್ನ ಕತ್ತಿನ ಕಸರತ್ತನ್ನು ನೋಡಲಾರದೆ ಅವಳೇ ಪುಸ್ತಕವನ್ನು ನನ್ನತ್ತ ತಿರುಗಿಸಿ ಹಿಡಿದಳು. ನೈಜೀರಿಯಾದ ಲೇಖಕಿಯೊಬ್ಬರ ಕಾದಂಬರಿ. ಕನ್ನಡಿಗರ ಮೊದಲ ಪ್ರಶ್ನೆ ಏನೆಂದು ನಿಮಗೆ ಗೊತ್ತಲ್ಲ, ಯಾವೂರೆಂದು ಕೇಳಿದೆ. ಘಾನಾ ದೇಶದ ಕುಮಾಸಿ ಎಂದಳು. ಅಲ್ಲಿಂದ ಶುರುವಾದ ಮಾತು ನಾವಿಬ್ಬರೂ ಇಳಿಯುವವರೆಗೂ ನಿಲ್ಲಲಿಲ್ಲ.

ಅಬೆನಾಳ ಅಭಿಮಾನಕ್ಕೆ ಒಂದು ವಿಚಿತ್ರವಾದ ಭೂಗೋಳವಿದೆ. ಜೋಲಾಫ್ ಎಂಬ, ಟೊಮ್ಯಾಟೊ ಹಾಕಿ ಮಾಡುವ ಕೆಂಪು ಅನ್ನದ ವಿಷಯ ಬಂದರೆ ನೈಜೀರಿಯಾದವರು ಅವಳಿಗೆ ಆಜನ್ಮ ವೈರಿಗಳು. ಆ ಜನಕ್ಕೆ ಅಕ್ಕಿ ಬೇಯಿಸುವುದೇ ಗೊತ್ತಿಲ್ಲವೆಂದು ಬೆಡೋಕ್ ಸ್ಟೇಷನ್ನಿನಿಂದ ಪಾಯಾ ಲೇಬಾರಿನವರೆಗೆ ಸತತವಾಗಿ ಬೈಯಬಲ್ಲಳು. ಸಾಹಿತ್ಯದ ವಿಷಯ ಬಂತೋ, ಗಡಿಗಳೆಲ್ಲ ಮಾಯವಾಗಿ ನೈಜೀರಿಯಾ, ಸೆನೆಗಲ್, ಐವರಿ ಕೋಸ್ಟ್ ಎಲ್ಲವೂ "ನಮ್ಮ ಕಡೆ" ಆಗಿಬಿಡುತ್ತವೆ. ಕಪ್ಪುವರ್ಣೀಯ ಲೇಖಕರಲ್ಲಿ ಸಾಹಿತ್ಯದ ಮೊದಲ ನೊಬೆಲ್ ಪಡೆದವರು ನಮ್ಮ ಕಡೆಯವರು, ಲಂಡನ್ನಿನ ದೊಡ್ಡ ಬಹುಮಾನ ಗೆದ್ದವರು ನಮ್ಮ ಕಡೆಯವರು, ಪ್ಯಾರಿಸ್ಸಿನದನ್ನು ಎತ್ತಿಕೊಂಡು ಬಂದ ಸೆನೆಗಲ್ಲಿನ ತರುಣನೂ ನಮ್ಮ ಕಡೆಯವನೇ. ನಿಮಗೆ ಚರಿತ್ರೆಯೂ ಇಲ್ಲ, ಕಥೆಯೂ ಇಲ್ಲ ಎಂದು ಹೇಳಿ ಪಾಠ ಕಲಿಸಲು ಬಂದವರ ಇಂಗ್ಲಿಷು ಫ್ರೆಂಚುಗಳನ್ನೇ ಹಿಡಿದು, ಅವಕ್ಕೆ ತಮ್ಮ ಅಜ್ಜಿಯರ ಗತ್ತನ್ನೂ ಸಂತೆಯ ಹೆಂಗಸರ ಬಾಯನ್ನೂ ಕಲಿಸಿದವರು ಅವರು ಎಂದು ಅವಳು ಹೇಳುವಾಗ ಪಕ್ಕದಲ್ಲಿ ನಿಂತವರೂ ಫೋನಿನಿಂದ ತಲೆಯೆತ್ತಿ ನೋಡುತ್ತಿದ್ದರು. ಆ ಹೆಮ್ಮೆಯನ್ನು ಕಂಡು ನನಗೆ ಸಂತೋಷವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ನಾನೂ ಪಶ್ಚಿಮ ಆಫ್ರಿಕಾವನ್ನು ಓದದವಳೇನಲ್ಲ. ಮೈಸೂರಿನ ಕಾಲೇಜಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ನೈಜೀರಿಯಾದ ಕಾದಂಬರಿಯೊಂದರ ಅನುವಾದವನ್ನು ಪಠ್ಯವನ್ನೆಲ್ಲ ಬದಿಗಿಟ್ಟು ಎರಡು ವಾರ ಓದಿ ಹೇಳಿದ್ದರು. ಅದರೊಳಗಿನ ಹಿರಿಯರು ಎಷ್ಟು ಸಲೀಸಾಗಿ ನಮ್ಮ ಕಡೆಯ ಯಜಮಾನರ ಹಾಗೆ ಮಾತಾಡುತ್ತಿದ್ದರೆಂದರೆ, ಹಿಂದಿನ ಬೆಂಚಿನ ನನ್ನ ಗೆಳತಿ ಆ ಊರು ನಂಜನಗೂಡಿನಾಚೆ ಎಲ್ಲೋ ಇದೆಯೆಂದೇ ಕೊನೆಯವರೆಗೂ ನಂಬಿದ್ದಳು. ಇದನ್ನು ಕೇಳಿದ ಅಬೆನಾ ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿಬಿಟ್ಟಳು.

"ನಮ್ಮ ಮುದುಕರು ನಿಮ್ಮ ಭಾಷೇಲಿ ಮಾತಾಡ್ತಾರಾ? ನಿಜವಾಗಲೂ?" ಎಂದು ಎರಡೆರಡು ಸಲ ಕೇಳಿದಳು. ಆಮೇಲೆ ತೀರಾ ಸಹಜವಾಗಿ, "ಹಾಗಾದ್ರೆ ನಿಮ್ಮ ಭಾಷೆಯದ್ದೊಂದು ಕಥೆ ನನಗೆ ಹೇಳು" ಎಂದಳು.

ನಾನು ಏನು ಮಾಡಿದೆನೆಂದು ಯಾವ ಕನ್ನಡಿಗನಾದರೂ ಊಹಿಸಬಲ್ಲ. ನಮಗೆ ಎಂಟು ಜ್ಞಾನಪೀಠ ಬಂದಿವೆ ಎಂದೆ.

ಇದು ನನ್ನ ಕಂಠಪಾಠ. ಪ್ರತಿ ನವೆಂಬರಿನಲ್ಲಿ ನಮ್ಮ ಕನ್ನಡ ಕೂಟದವರು ಹೌಗಾಂಗಿನ ಸಭಾಂಗಣವೊಂದರಲ್ಲಿ ನಡೆಸುವ ರಾಜ್ಯೋತ್ಸವದಲ್ಲಿ ಸಾಹಿತ್ಯದ ಬಗ್ಗೆ ಹತ್ತು ನಿಮಿಷ ಮಾತಾಡುವ ಹೊಣೆ ಏಳು ವರ್ಷಗಳಿಂದ ನನ್ನದೇ. ಪರದೆಯ ಮೇಲೆ ಎಂಟು ಮಹನೀಯರ ಭಾವಚಿತ್ರಗಳು ಮೂಡುತ್ತವೆ, ನಾನು ಎಂಟು ಎಂಬ ಪದವನ್ನು ತುಸು ಎಳೆದು ಉಚ್ಚರಿಸುತ್ತೇನೆ, ಚಪ್ಪಾಳೆ ಬೀಳುತ್ತದೆ, ಎಲ್ಲರೂ ಬಿಸಿಬೇಳೆಬಾತಿನತ್ತ ಧಾವಿಸುತ್ತೇವೆ. ಆ ಸ್ಲೈಡನ್ನು ಸಿದ್ಧಪಡಿಸುವವಳು ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಅನಘಾ. "ಅಮ್ಮಾ, ಮತ್ತೆ ಅದೇ ಎಂಟು ಅಂಕಲ್ಸ್ ಸ್ಲೈಡಾ? ಈ ಸಲ ಫಾಂಟ್ ಆದ್ರೂ ಚೇಂಜ್ ಮಾಡ್ತೀನಿ ಲಾ" ಎನ್ನುವುದು, ಸಿಂಗಪುರದವರ ಹಾಗೆ ಮಾತಿನ ಕೊನೆಗೊಂದು 'ಲಾ' ಅಂಟಿಸಿ, ಅವಳ ವಾರ್ಷಿಕ ವಿಮರ್ಶೆ.

ಅಬೆನಾ ಎಂಟನ್ನು ಗೌರವದಿಂದಲೇ ಕೇಳಿಸಿಕೊಂಡಳು. ಬಳಿಕ, "ಒಳ್ಳೇದು. ಅದರಲ್ಲಿ ಒಂದು ಕಥೆ ಹೇಳು" ಎಂದಳು. ನಾನು ಹೇಳತೊಡಗಿದೆ, ಅರ್ಧಕ್ಕೆ ನಿಂತೆ. ನಾನು ಹೇಳುತ್ತಿದ್ದದ್ದು ಕಾದಂಬರಿಯನ್ನಲ್ಲ, ಅದನ್ನಾಧರಿಸಿ ದೂರದರ್ಶನದಲ್ಲಿ ಬಂದ ಧಾರಾವಾಹಿಯನ್ನು. ಅದರಲ್ಲೂ ಕರೆಂಟು ಹೋಗದಿದ್ದ ಕಂತುಗಳನ್ನು ಮಾತ್ರ. ಉಳಿದವುಗಳಲ್ಲಿ ಎರಡನ್ನು ಪಠ್ಯದ ತುಣುಕಾಗಿ ಬಲ್ಲೆ. ಮಿಕ್ಕವು ನಮ್ಮ ಮನೆಯ ಶೋಕೇಸಿನ ಗಾಜಿನ ಹಿಂದೆ, ವಿಮಾನದಲ್ಲಿ ಉಪ್ಪಿನಕಾಯಿಯ ತೂಕವನ್ನು ತ್ಯಾಗ ಮಾಡಿ ತಂದ ದಿನದಿಂದ, ಬೆನ್ನು ಬಿರಿಯದೆ ನಿಂತಿವೆ. ಅವಳು ನನ್ನನ್ನು ಹಂಗಿಸಲಿಲ್ಲ. ಹಂಗಿಸಿದ್ದರೆ ವಾಸಿಯಿತ್ತು.

ಆ ಸಂಜೆ ಶೋಕೇಸಿನ ಬೀಗ ತೆಗೆದೆ. ಸತ್ಯ ಹೇಳಿಬಿಡುತ್ತೇನೆ, ನಾನು ಆರಿಸಿಕೊಂಡದ್ದು ಎಂಟರಲ್ಲಿ ಯಾವುದನ್ನೂ ಅಲ್ಲ, ಎಲ್ಲಕ್ಕಿಂತ ತೆಳ್ಳಗಿದ್ದದ್ದನ್ನು. ನನ್ನ ತಾಯಿ ಯಾವುದೋ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು ಹಿಂದಿರುಗಿಸದೆ ಉಳಿಸಿಕೊಂಡಿದ್ದ, ರಕ್ಷಾಪುಟವೂ ಹೆಸರಿನ ಪುಟವೂ ಕಿತ್ತುಹೋಗಿದ್ದ ಅನಾಮಧೇಯ ಕಾದಂಬರಿ. ದಿನಕ್ಕೆ ಒಂದು ಅಧ್ಯಾಯ ಓದುವುದು, ಮರುದಿನ ರೈಲಿನಲ್ಲಿ ಅಬೆನಾಳಿಗೆ ಹೇಳುವುದು, ಪ್ರತಿಯಾಗಿ ಅವಳು ತಾನು ಓದಿದ್ದನ್ನು ಹೇಳುವುದು ಎಂದು ಒಪ್ಪಂದವಾಯಿತು. ನನ್ನ ಪಾಲಿನ ಕಥೆ ಗಿರಿಜೆಯೆಂಬವಳದು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ಹೇಳದೆ ಕೇಳದೆ ಮನೆ ಬಿಟ್ಟು ಹೋಗುತ್ತಾನೆ; ಅವಳು ರೈಲ್ವೆ ಜಂಕ್ಷನ್ನಿನ ಪಕ್ಕದಲ್ಲೊಂದು ಊಟದ ಮನೆ ನಡೆಸಿ ಬದುಕು ಕಟ್ಟಿಕೊಳ್ಳುತ್ತಾಳೆ. ನನ್ನ ಬಡ ಇಂಗ್ಲಿಷಿನಲ್ಲೂ ಗಿರಿಜೆ ಜೀವಂತವಾಗಿ ಎದ್ದು ನಡೆದಾಡಿದಳು. ಅವಳ ಬಾಯಿಂದ ಬರುವ ಒಂದೊಂದು ಮಾತಿಗೂ ಅಬೆನಾ ತೊಡೆ ತಟ್ಟಿ ನಗುತ್ತಿದ್ದಳು.

ಒಂದು ಸೋಮವಾರ ಅವಳು ಹೊಸ ಸುದ್ದಿ ತಂದಳು. ಪ್ರತಿ ಭಾನುವಾರ ಕುಮಾಸಿಯ ತಾಯಿಗೆ ಫೋನು ಮಾಡಿದಾಗ ಅವಳು ಗಿರಿಜೆಯ ಕಥೆಯನ್ನು ತಮ್ಮ ಟ್ವಿ ಭಾಷೆಯಲ್ಲಿ ಹೇಳುತ್ತಿದ್ದಳಂತೆ. ಕುಮಾಸಿಯ ಮಾರುಕಟ್ಟೆಯಲ್ಲಿ ಬಟ್ಟೆ ಮಾರಿ ಮಕ್ಕಳನ್ನು ಓದಿಸಿದ ಆ ತಾಯಿಗೆ ಕರ್ನಾಟಕ ಎಲ್ಲಿದೆಯೆಂದು ಗೊತ್ತಿಲ್ಲ. ಆದರೆ ಗಿರಿಜೆ ಅನ್ನದ ದೊಡ್ಡ ತಪ್ಪಲೆ ಕೊಳ್ಳುವ ಮೊದಲು ಒಲೆ ಬದಲಾಯಿಸಬೇಕಿತ್ತು ಎಂಬ ಸಲಹೆ ಅಲ್ಲಿಂದ ಬಂದಿತ್ತು! ನಮ್ಮ ಭಾಷೆಯ ಹೆಣ್ಣೊಬ್ಬಳು, ವೀಸಾ ಇಲ್ಲದೆ, ಬಹುಮಾನದ ಶಿಫಾರಸೂ ಇಲ್ಲದೆ ಆಫ್ರಿಕಾದ ಅಡುಗೆಮನೆಯೊಳಕ್ಕೆ ನಡೆದುಬಿಟ್ಟಿದ್ದಳು. ಅಂದು ಆಫೀಸಿನ ಮೀಟಿಂಗುಗಳಲ್ಲಿ ನಾನು ಕಾರಣವಿಲ್ಲದೆ ಬೀಗುತ್ತಿದ್ದೆ.

ಕಥೆ ಮುಂದುವರಿಯಿತು. ಇಪ್ಪತ್ತು ವರ್ಷಗಳ ಬಳಿಕ ಒಂದು ಮಧ್ಯಾಹ್ನ ಗಿರಿಜೆಯ ಗಂಡ ಸೊರಗಿ, ಕೆಮ್ಮುತ್ತ, ಅವಳ ಊಟದ ಮನೆಗೇ ಬಂದು ಪಂಕ್ತಿಯಲ್ಲಿ ಕೂರುತ್ತಾನೆ. ಅವಳಿಗೆ ಗುರುತು ಸಿಗುತ್ತದೆ, ಅವನಿಗೂ ಸಿಗುತ್ತದೆ. ಇದನ್ನು ಹೇಳಿದ ದಿನ ಅಬೆನಾ ನಗಲಿಲ್ಲ. ತನ್ನ ತಂದೆ ಹತ್ತೊಂಬತ್ತು ವರ್ಷದ ಹಿಂದೆ ಐವರಿ ಕೋಸ್ಟಿನ ಅಬಿಜಾನಿಗೆ ಕೆಲಸಕ್ಕೆಂದು ಹೋದವನು ಅಲ್ಲೇ ಉಳಿದುಬಿಟ್ಟನೆಂದೂ, ಈಗ ವಾಪಸು ಬರುತ್ತೇನೆಂದು ಹೇಳಿಕಳಿಸಿದ್ದಾನೆಂದೂ, ತಾಯಿ ಇನ್ನೂ ಉತ್ತರ ಕೊಟ್ಟಿಲ್ಲವೆಂದೂ ಕಿಟಕಿಯಾಚೆ ನೋಡುತ್ತ ಹೇಳಿದಳು. "ಅಮ್ಮ ನನ್ನ ಹತ್ತಿರ ಅದರ ಬಗ್ಗೆ ಮಾತೇ ಆಡಲ್ಲ. ಗಿರಿಜೆ ಏನು ಮಾಡಿದ್ಲು ಅಂತ ಮಾತ್ರ ಕೇಳ್ತಾಳೆ" ಎಂದಳು.

ಅಂದು ಸಂಜೆ ಮನೆಗೆ ಬಂದು ಕೊನೆಯ ಅಧ್ಯಾಯ ತೆರೆದೆ. ಗಿರಿಜೆ ಸಾರಿನ ಪಾತ್ರೆ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಾಳೆ. ಅಲ್ಲಿಗೆ ಪುಸ್ತಕ ಮುಗಿಯಿತು. ಕೊನೆಯ ಹಾಳೆ ಇರಲಿಲ್ಲ.

ಹೊಲಿಗೆಯ ದಾರದಲ್ಲಿ ಹರಿದ ಅಂಚಷ್ಟೇ ಉಳಿದಿತ್ತು. ನಾನು ಶೋಕೇಸನ್ನೆಲ್ಲ ತಡಕಾಡಿದೆ, ಮೈಸೂರಿನ ಅಣ್ಣನಿಗೆ ಫೋನು ಮಾಡಿದೆ, ಹೆಸರೇ ಗೊತ್ತಿಲ್ಲದ ಪುಸ್ತಕವನ್ನು ಅಂತರ್ಜಾಲದಲ್ಲಿ ಹುಡುಕುವ ಸಾಹಸಕ್ಕೂ ಇಳಿದೆ. ನನಗೆ ಕಣ್ಣುನೋವೆಂದು ಅಬೆನಾಳಿಗೆ ಸುಳ್ಳು ಹೇಳಿ ಎರಡು ವಾರ ತಳ್ಳಿದೆ. ಅನಘಾ ತನ್ನ ತೀರ್ಪು ಕೊಟ್ಟಳು: "ನೀನೇ ಒಂದು ಎಂಡಿಂಗ್ ಬರೆದ್ಬಿಡಮ್ಮ. ಹೂ ವಿಲ್ ನೋ? ಅವನನ್ನ ಹೊರಗೆ ಹಾಕ್ಸು, ಅಷ್ಟೇ ಲಾ." ಆಸೆಯಾಗದಿರಲಿಲ್ಲ. ಆದರೆ ಕುಮಾಸಿಯಲ್ಲೊಬ್ಬಳು ಆ ಹೊಸ್ತಿಲಿನತ್ತ ನೋಡುತ್ತ ಕೂತಿದ್ದಾಳೆ. ನಾನು ಕಟ್ಟಿದ ಸುಳ್ಳನ್ನು ಕನ್ನಡದ ಮಾತೆಂದು ನಂಬಿ ಅವಳು ಒಂದು ಬಾಗಿಲು ತೆರೆದರೆ, ಅಥವಾ ಮುಚ್ಚಿದರೆ? ಅಷ್ಟು ಧೈರ್ಯ ನನಗಿರಲಿಲ್ಲ. ಕೊನೆಗೆ ಅಬೆನಾಳಿಗೆ ನಿಜ ಹೇಳಿ, ರಾಜ್ಯೋತ್ಸವಕ್ಕೆ ಬಾ ಎಂದೆ.

ರಾಜ್ಯೋತ್ಸವದ ಭಾನುವಾರ ಸಂಜೆ ನಾಲ್ಕಕ್ಕೆ ಅಬೆನಾ ಹಳದಿ ನೀಲಿಯ ದೊಡ್ಡ ಚಿತ್ತಾರದ ಉಡುಪಿನಲ್ಲಿ ಮೂರನೆಯ ಸಾಲಿನಲ್ಲಿ ಕುಳಿತಿದ್ದಳು. ಪರದೆಯ ಮೇಲೆ, ಹೊಸ ಫಾಂಟಿನಲ್ಲಿ, ಎಂಟು ಮಹನೀಯರು ಪ್ರತ್ಯಕ್ಷರಾದರು. ಜನ ಚಪ್ಪಾಳೆಗೆ ಕೈ ಸಜ್ಜುಮಾಡಿಕೊಂಡರು. ನಾನು ಪರದೆಯತ್ತ ಕೈಮುಗಿದು, ಈ ವರ್ಷ ನಾನು ಇವರ ಒಂದು ಪುಸ್ತಕವನ್ನೂ ಓದಲಿಲ್ಲ, ಬೇರೊಂದನ್ನು ಓದಿದೆ, ಅದರ ಕೊನೆ ನನಗೆ ಗೊತ್ತಿಲ್ಲ ಎಂದೆ. ಗಿರಿಜೆಯ ಕಥೆಯನ್ನು ಹೊಸ್ತಿಲಿನವರೆಗೆ ತಂದು ನಿಲ್ಲಿಸಿ, ಮುಂದೇನಾಯಿತೆಂದು ಇಲ್ಲಿ ಯಾರಿಗಾದರೂ ಗೊತ್ತೇ ಎಂದು ಕೇಳಿದೆ. ಅಧ್ಯಕ್ಷರು ಗಡಿಯಾರ ನೋಡಿದರು. ಯಾರೋ ಎಂಟರಲ್ಲಿ ಇದು ಎಷ್ಟನೆಯದೆಂದು ಪಕ್ಕದವರನ್ನು ಕೇಳುತ್ತಿದ್ದದ್ದು ವೇದಿಕೆಯವರೆಗೂ ಕೇಳಿಸಿತು.

ಆಗ ಹಿಂದಿನ ಸಾಲಿನಲ್ಲಿ ಪದ್ದಮ್ಮನವರು ಎದ್ದುನಿಂತರು. ಮಗಳು ಪರಿಮಳಾಳ ಬಾಣಂತನಕ್ಕೆಂದು ಅರಸೀಕೆರೆಯಿಂದ ಬಂದಿದ್ದ ಎಪ್ಪತ್ತೆಂಟರ ಹಿರಿಯರು. "ಅಮ್ಮಾ, ಕೂತ್ಕೋ, ಎಲ್ಲಾ ನೋಡ್ತಿದಾರೆ" ಎಂದು ಪರಿಮಳಾ ಸೆರಗು ಜಗ್ಗುತ್ತಿದ್ದಳು.

"ಬಿಡೇ. ವಾರಪತ್ರಿಕೇಲಿ ಬರ್ತಿತ್ತು ಅದು. ಪತ್ರಿಕೆ ಬರೋ ಬಸ್ಸಿಗೆ ನಾನೂ ನಮ್ಮಕ್ಕನೂ ಕಾಯ್ತಾ ನಿಲ್ತಿದ್ವಿ" ಎಂದರು ಅವರು, ಮೈಕಿನ ಹಂಗಿಲ್ಲದೆ. "ಬರ್ದೋರ ಹೆಸ್ರು ನೆನಪಿಲ್ಲಮ್ಮ. ಗಿರಿಜೆ ಅವನಿಗೆ ಬಡಿಸ್ತಾಳೆ. ಚೆನ್ನಾಗೇ ಬಡಿಸ್ತಾಳೆ, ಎರಡನೇ ಸಲ ಅನ್ನ, ತುಪ್ಪ, ಮಜ್ಜಿಗೆ, ಎಲ್ಲಾ. ಅವನು ಉಂಡು, ಎಲೇನ ಅಲ್ಲೇ ಬಿಟ್ಟು, ಮನೆ ಯಜಮಾನನ ಥರಾ ಕೈ ತೊಳೆಯೋಕೆ ಎದ್ದ. ಆಗ ಅಂತಾಳೆ, 'ನಿಮ್ಮೆಲೆ ನೀವೇ ಎತ್ತಿ' ಅಂತ. ಅಷ್ಟೇ. ಮುಗೀತು."

ಗಂಡ ಉಂಡೆದ್ದ ಎಲೆಯನ್ನು ಹೆಂಡತಿ ಎತ್ತುವ ಮನೆಗಳಲ್ಲೇ ಹುಟ್ಟಿ ಬಂದ ಹೆಂಗಸರು ನಾವು. ಆ ಮೂರು ಪದಗಳ ತೂಕ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಆಮೇಲೆ ಬಿದ್ದ ಚಪ್ಪಾಳೆಯಂಥದ್ದು ನನ್ನ ಏಳು ವರ್ಷದ ಭಾಷಣಗಳಲ್ಲಿ ಒಮ್ಮೆಯೂ ಬಿದ್ದದ್ದಿಲ್ಲ. ಅಧ್ಯಕ್ಷರು ಅತಿಥಿಗಳಿಗೆಂದು ತಂದಿದ್ದ ಶಾಲನ್ನು ತಾವಾಗಿಯೇ ಪದ್ದಮ್ಮನವರಿಗೆ ಹೊದಿಸಿದರು. ಬರೆದವರು ಯಾರೋ, ಯಾವ ಪೀಠವೂ ಅವರನ್ನು ಕರೆಯಲಿಲ್ಲ. ಆದರೂ ಐವತ್ತು ವರ್ಷ ಅವರ ಕೊನೆಯ ಹಾಳೆ ಅರಸೀಕೆರೆಯ ಒಬ್ಬ ಹೆಂಗಸಿನ ತಲೆಯಲ್ಲಿ ಹರಿಯದೆ ಉಳಿದಿತ್ತು. ನನ್ನ ಭಾಷೆಯ ಬಗ್ಗೆ ನನಗೆ ಅಂದಿನಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ.

ಅಬೆನಾಳಿಗೆ ಎಲೆಯ ಸಂಗತಿಯನ್ನೆಲ್ಲ ವಿವರಿಸಿದೆ. ಅವಳು ಹೊರಗಿನ ಕಾರಿಡಾರಿಗೆ ಹೋಗಿ, ಆಗಿನ್ನೂ ಬೆಳಗಾಗಿದ್ದ ಕುಮಾಸಿಗೆ ಫೋನು ಮಾಡಿ, ಟ್ವಿಯಲ್ಲಿ ನಿಧಾನವಾಗಿ ಹೇಳಿದಳು. ಬಾಳೆ ಎಲೆಯನ್ನು ಎತ್ತುವ ಅಭಿನಯವನ್ನು ಫೋನಿನಲ್ಲಿ ಕಾಣದಿದ್ದರೂ ಕೈಯಲ್ಲಿ ಮಾಡಿ ತೋರಿಸಿದಳು. ಆ ಕಡೆಯಿಂದ ದೊಡ್ಡದೊಂದು ನಗು ಬಂತು, ಅದರ ಹಿಂದೆಯೇ ಎರಡು ಮಾತು.

"ಏನಂದ್ರು?" ಎಂದೆ.

ಅಬೆನಾ ಕಣ್ಣೊರೆಸಿಕೊಂಡಳು. "ನಿಮ್ಮಪ್ಪನಿಗೆ ಬರೋಕೆ ಹೇಳು ಅಂದ್ಲು. ಊಟ ಹಾಕ್ತೀನಿ, ತಟ್ಟೆ ಮಾತ್ರ ಅವನೇ ತೊಳೀಬೇಕು ಅಂದ್ಲು."